ದಂಡದ ಲೆಕ್ಕ

‘ದಂಡ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅರ್ಥಗಳು ಹಲವು. ಸಂನ್ಯಾಸಿಯ ಕೈಯ ಕೋಲು ದಂಡ. ತಪ್ಪು ಮಾಡಿದವನು ತೆರುವ ಹಣ ದಂಡ. ಉಕ್ಕಿಹೋದ ಹಾಲನ್ನೂ ಹಳಸಿದ ಹುಳಿಯನ್ನೂ ಕಂಡು ‘ಅಯ್ಯೋ, ಎಲ್ಲ ದಂಡವಾಯಿತಲ್ಲ’ ಎಂದು ಹಲುಬುತ್ತೇವೆ. ಗರಡಿಯ ಮನೆಯಲ್ಲಿ ಅಂಗೈಗಳನ್ನು ನೆಲಕ್ಕೂರಿ, ಎದೆಯನ್ನು ಮಣ್ಣಿನವರೆಗೆ ಇಳಿಸಿ ಮೇಲೇಳುವ ಸಾಮಿಗೂ ಅದೇ ಹೆಸರು. ಅದರ ನೆಟ್ಟನೆಯ ರೂಪವೊಂದನ್ನು ಈಗಿನ ಹುಡುಗರು ಪುಷ್ ಅಪ್ ಎನ್ನುತ್ತಾರೆ. ಇಷ್ಟು ಅರ್ಥಗಳುಳ್ಳ ಈ ಶಬ್ದವನ್ನು ಐವತ್ತೇಳು ವರ್ಷಗಳ ಕಾಲ ಸಲೀಸಾಗಿ ಬಳಸಿಕೊಂಡು ಬಂದ ನನಗೆ ಅದರ ತೂಕ ತಿಳಿದದ್ದು ಮಾತ್ರ ಕಳೆದ ವರ್ಷ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಎಂದೋ ಸವೆದು ಹೋದ ಯಂತ್ರವನ್ನು, ಕೊಂಡ ದಿನದ ಬೆಲೆಯಲ್ಲಿಯೇ ಆಸ್ತಿಯೆಂದು ತೋರಿಸಿಕೊಂಡು ಬಂದಿರುವ ವರ್ತಕರ ಪುಸ್ತಕಗಳಲ್ಲಿ ಕೆಂಪು ಗುರುತು ಹಾಕುವುದು ನನ್ನ ಹೊಟ್ಟೆಯ ಪಾಡು. ಹೀಗಿದ್ದರೂ ನನ್ನ ಸ್ವಂತ ಖಾತೆಯಲ್ಲಿ ‘ದಂಡ: ನೂರು’ ಎಂಬ ಆಸ್ತಿಯೊಂದು 1986ನೆಯ ಇಸವಿಯಿಂದ ಚಿಕ್ಕಾಸಿನ ಸವಕಳಿಯೂ ಇಲ್ಲದೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಬರೆಯಲ್ಪಡುತ್ತಲೇ ಇತ್ತು. ಮದುವೆಯ ಮನೆಗಳಲ್ಲಿ, ರೈಲಿನಲ್ಲಿ, ಕಚೇರಿಯ ಕಾಫಿಯ ವೇಳೆಯಲ್ಲಿ, ‘ನಾವೆಲ್ಲ ನೂರು ದಂಡ ಹೊಡೆದ ಮೈಯವರು’ ಎಂದು ನಾನು ಹೇಳಿದ ಸಲಗಳಿಗೆ ಲೆಕ್ಕವಿಲ್ಲ.

ಆ ನೂರು ಪೂರಾ ಸುಳ್ಳೇನೂ ಅಲ್ಲ. ಮೈಸೂರಿನ ಹಳೆಯ ಕೇರಿಯೊಂದರಲ್ಲಿ ನಮ್ಮ ಮನೆ; ಎರಡು ಬೀದಿಯಾಚೆ ಗರಡಿ. ತಲೆ ತಗ್ಗಿಸದೆ ಒಳಹೊಗಲಾಗದ ಗಿಡ್ಡ ಬಾಗಿಲು; ಒಳಗೆ ಎಣ್ಣೆಯ ದೀಪದ ಮಸಿ ಹಿಡಿದ ಹನುಮಂತನ ಪಟ; ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ಕೆಂಪು ಮಣ್ಣು. ಆ ಮಣ್ಣಿನ ವಾಸನೆ ಇಂದಿಗೂ ಮೊದಲ ಮಳೆಯ ದಿನ ಎಲ್ಲಿಂದಲೋ ಬಂದು ಮೂಗಿಗೆ ಹೊಡೆಯುತ್ತದೆ. ನಾನು ಪೈಲ್ವಾನನಾಗಲು ಹೋದವನಲ್ಲ. ಬಿ.ಕಾಂ. ತರಗತಿಯಲ್ಲಿ ಓದುತ್ತಿದ್ದ ಬಡಕಲು ಹುಡುಗ. ‘ಮೈಗೆ ಕೊಂಚ ಕಸುವು ಬರಲಿ’ ಎಂದು ತಂದೆಯವರು ಅಟ್ಟಿದರು. ಉಸ್ತಾದರು ಮೊದಲ ತಿಂಗಳು ಕುಸ್ತಿಯ ಮಾತನ್ನೇ ಎತ್ತಲಿಲ್ಲ. ಮಣ್ಣು ಅಗೆಯುವುದು, ದಂಡ, ಬಸ್ಕಿ. ಮತ್ತೆ ಮಣ್ಣು ಅಗೆಯುವುದು, ದಂಡ, ಬಸ್ಕಿ. ಅಂಗೈ ಅಂಗಾಲುಗಳನ್ನೂರಿ, ಸೊಂಟವನ್ನು ಮೇಲಕ್ಕೆತ್ತಿ ನಿಂತು, ಅಲ್ಲಿಂದ ಮೊಸಳೆ ನೀರಿಗಿಳಿಯುವಂತೆ ತಲೆ ಮುಂದಾಗಿ ಇಳಿದು, ಎದೆ ಮಣ್ಣನ್ನು ಸವರಿಕೊಂಡು ಸಾಗಿ, ಹಾವು ಹೆಡೆಯೆತ್ತುವಂತೆ ಎದ್ದು, ಮತ್ತೆ ಸೊಂಟವನ್ನು ಹಿಂದಕ್ಕೆ ಸೆಳೆದುಕೊಳ್ಳಬೇಕು, ಅದು ಒಂದು. ಗಾಮಾ ಪೈಲ್ವಾನರು ದಿನಕ್ಕೆ ಮೂರು ಸಾವಿರ ಹೊಡೆಯುತ್ತಿದ್ದರೆಂದು ಗರಡಿಯಲ್ಲಿ ಹೇಳುತ್ತಿದ್ದರು. ಅವರು 1910ರಲ್ಲಿ ಲಂಡನ್ನಿಗೆ ಹೋದಾಗ ಎದುರಾಳಿಯಾದ ಪೋಲೆಂಡಿನ ಜಿಬಿಸ್ಕೊ ಎಂಬಾತನು ಎರಡು ಗಂಟೆಗೂ ಮೇಲ್ಪಟ್ಟು ನೆಲವನ್ನೇ ಅಪ್ಪಿಕೊಂಡು ಬಿದ್ದಿದ್ದು ಸೋಲಿನಿಂದ ಪಾರಾದನಂತೆ. ಉಸ್ತಾದರಿಗೆ ಈ ಕಥೆ ಬಹಳ ಪ್ರಿಯ. ‘ನೆಲ ಹಿಡಿದವನನ್ನು ಯಾರೂ ಬೀಳಿಸಲಾರರು, ಆದರೆ ಅವನು ಏಳಲೂ ಆರ’ ಎಂದು ನಗುತ್ತಿದ್ದರು.

ಅವರು ಎಂದೂ ದಂಡಗಳನ್ನು ಎಣಿಸಿದವರಲ್ಲ. ಎಣಿಕೆ ಅಂಗಡಿಯವರ ಕೆಲಸವೆಂದು ಅವರ ಮತ. ನಾನು ಮಾತ್ರ ಬಿ.ಕಾಂ. ಹುಡುಗನಲ್ಲವೆ? ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಎಣಿಸಿ ನೂರು ಹೊಡೆದೆನು. ಒಂದೇ ಸಮನೆ ಅಲ್ಲ. ನಡುವೆ ಮೂರು ಸಲ ನಿಂತು, ಬೆವರೊರೆಸಿಕೊಂಡು. ಈ ‘ಮೂರು ಸಲ ನಿಂತು’ ಎಂಬ ಭಾಗವು ವರ್ಷಗಳು ಕಳೆದಂತೆ ನನ್ನ ಕಥನದಿಂದ ತಾನಾಗಿಯೇ ಉದುರಿಹೋಯಿತು.

ಆಮೇಲೆ ನೌಕರಿ, ಮದುವೆ, ಮಗಳು, ಮನೆಯ ಸಾಲ. ಗರಡಿ ಬಿಟ್ಟುಹೋಯಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಒಂದು ಸುತ್ತು ನಡೆಯುವುದನ್ನು ಮಾತ್ರ ಬಿಡಲಿಲ್ಲ. ದಂಡೆ ಸುತ್ತುವವನಿಗೆ ಬೇರೆ ದಂಡವೇಕೆ ಎಂದು ನಾನೇ ಹಾಸ್ಯ ಮಾಡಿಕೊಂಡೆನು. ರಕ್ತದ ಒತ್ತಡ ಸರಿಯಾಗಿತ್ತು, ಸಕ್ಕರೆ ಗಡಿಯೊಳಗಿತ್ತು. ಇನ್ನೇನು ಬೇಕು?

ಕಳೆದ ವರ್ಷ ಮಾರ್ಗಶಿರದ ಒಂದು ಮುಂಜಾವು. ಮನೆಯಾಕೆಯೂ ಮಗಳೂ ನೆಂಟರ ಮದುವೆಗೆಂದು ಹಾಸನಕ್ಕೆ ಹೋಗಿದ್ದರು; ಮನೆಯಲ್ಲಿ ನಾನು ಮತ್ತು ಎಂಬತ್ತೆರಡು ವರ್ಷದ ನನ್ನ ತಾಯಿ. ಹಿಂದಿನ ದಿನದ ಹಾಲನ್ನು ಒಲೆಯ ಮೇಲಿಟ್ಟು ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದೆನು. ಬಚ್ಚಲುಮನೆಯಲ್ಲಿ ಮೊದಲು ಕೋಲು ಬಿದ್ದ ಸದ್ದು, ಹಿಂದೆಯೇ ಇನ್ನೊಂದು ಸದ್ದು. ಓಡಿಹೋಗಿ ನೋಡಿದರೆ ಅಮ್ಮ ಒದ್ದೆಯ ನೆಲದ ಮೇಲೆ ಒರಗಿಕೊಂಡಿದ್ದಳು. ಪ್ರಜ್ಞೆಯಿತ್ತು. ‘ಏನೂ ಆಗಿಲ್ಲ ಕಣೋ, ಕಾಲು ಜಾರಿತು ಅಷ್ಟೆ. ಎತ್ತು’ ಎಂದಳು.

ನಾನು ಅವಳ ಕಂಕುಳಿಗೆ ಕೈಹಾಕಿ ಎತ್ತಿದೆನು. ಅಂದರೆ, ಎತ್ತಲು ಹೋದೆನು. ಅಮ್ಮ ಒಂದು ಗೇಣು ಮೇಲೆದ್ದು ಮತ್ತೆ ಕೆಳಗಿಳಿದಳು. ಇನ್ನೊಮ್ಮೆ ಪ್ರಯತ್ನಿಸಿದೆನು. ನನ್ನ ತೋಳು ನಡುಗತೊಡಗಿತು. ಸೊಂಟದಲ್ಲಿ ಏನೋ ಚಳಕ್ಕೆಂದಿತು. ಕಾಲು ಜಾರಿ ನಾನೂ ಅವಳ ಮಗ್ಗುಲಲ್ಲಿ ಕುಕ್ಕರಿಸಿದೆನು. ಅಮ್ಮನ ತೂಕ 48 ಕಿಲೋ. ಇಪ್ಪತ್ತೈದು ಕಿಲೋ ಅಕ್ಕಿಯ ಎರಡು ಚೀಲದಷ್ಟೂ ಇಲ್ಲ. ಅವಳು ನನ್ನ ಮುಖವನ್ನು ನೋಡಿ, ನೋವಿನಲ್ಲಿಯೂ ಮೆಲ್ಲಗೆ, ‘ಗರಡಿಗೆ ಹೋಗುತ್ತಿದ್ದವನು ನೀನೇ ಅಲ್ಲವೇನೋ ಮಗು?’ ಎಂದಳು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುವಂತೆ ಕೇಳಿದಳು. ಆದ್ದರಿಂದಲೇ ಅದು ಇಂದಿಗೂ ಚುಚ್ಚುತ್ತದೆ.

ಅಷ್ಟರಲ್ಲಿ ಹಾಲಿನಾಕೆ ಬಂದಳು. ಅವಳಿಗೂ ಅರವತ್ತರ ಸಮೀಪ. ಒಣಗಿದ ತೊಗರಿಕಡ್ಡಿಯಂತಹ ಆಳು. ಕೂಗು ಕೇಳಿ ಕ್ಯಾನನ್ನು ಹೊಸಲಿನ ಬಳಿಯಿಟ್ಟು ಒಳಗೆ ಬಂದವಳೇ, ‘ಎಳೀಬ್ಯಾಡಿ ಸ್ವಾಮಿ, ಅವ್ವೋರ ರಟ್ಟೆ ಕಿತ್ಕೊಂಡಾತು’ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. ಅವಳು ಎತ್ತಲಿಲ್ಲ. ಮೊದಲು ಅಮ್ಮನ ಕೈಕಾಲುಗಳನ್ನು ಆಡಿಸಿ ನೋಡಿಸಿದಳು. ಎಲ್ಲಿ ನೋವು, ತಲೆಗೆ ಪೆಟ್ಟು ಬಿದ್ದಿತೆ ಎಂದು ಕೇಳಿದಳು. ಆಮೇಲೆ ನಿಧಾನವಾಗಿ ಮಗ್ಗುಲಿಗೆ ಹೊರಳಿಸಿ, ಮೊಣಕಾಲುಗಳ ಮೇಲೆ ತಂದು, ಸ್ನಾನದ ಸ್ಟೂಲನ್ನು ಮುಂದಿಟ್ಟು, ‘ಕೈ ಊರಿ ನೂಕವ್ವ, ನೆಲಾನ ನೂಕು’ ಎಂದಳು. ಅಮ್ಮ ನೂಕಿದಳು. ಒಂದು ಕಾಲು ಮುಂದೆ ಬಂದಿತು. ಹಾಲಿನಾಕೆಯ ಕೈ ಸೊಂಟದ ಹಿಂದೆ ಒಂದಿಷ್ಟು ಆಸರೆ ಕೊಟ್ಟಿತು. ಅಮ್ಮ ಸ್ಟೂಲಿನ ಮೇಲೆ ಕುಳಿತಿದ್ದಳು. ಒಲೆಯ ಮೇಲಿನ ಹಾಲು ಅಷ್ಟೂ ಉಕ್ಕಿ ದಂಡವಾಗಿತ್ತು.

ಮೂಳೆ ಮುರಿದಿರಲಿಲ್ಲ. ತೊಡೆಯ ಮೇಲೊಂದು ನೀಲಿಯ ಗುರುತು, ಹದಿನೈದು ದಿನದ ನೋವು. ಚಿತ್ರ ತೆಗೆಸಿ ನೋಡಿದ ಡಾಕ್ಟರಮ್ಮ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಬಿದ್ದವರನ್ನು ಗಾಬರಿಯಿಂದ ಎಳೆಯಬಾರದು, ಹಾಲಿನಾಕೆ ಮಾಡಿದ್ದೇ ಸರಿ, ಸೊಂಟಕ್ಕೋ ಕತ್ತಿಗೋ ತೀವ್ರವಾದ ನೋವಿದ್ದರೆ ಕದಲಿಸದೆ ಸಹಾಯಕ್ಕೆ ಕರೆಯಬೇಕು ಎಂದು ತಿಳಿಸಿದಳು. ನಾನು ಸೊಂಟ ಹಿಡಿದುಕೊಂಡಿದ್ದುದನ್ನು ಕಂಡು, ‘ನೀವು ಎಷ್ಟು ಪುಷ್ ಅಪ್ ಮಾಡುತ್ತೀರಿ?’ ಎಂದು ಕೇಳಿದಳು.

‘ನೂರು ಮಾಡಿದ್ದೇನೆ’ ಎಂದೆನು.

‘ಮಾಡಿದ್ದನ್ನು ಕೇಳಲಿಲ್ಲ ಸಾರ್. ಇವತ್ತು ಎಷ್ಟು?’

ಮದುವೆಯಿಂದ ಹಿಂದಿರುಗಿದ ಮನೆಯಾಕೆ, ಮಗಳು ಇಬ್ಬರ ಎದುರಿಗೂ ಪರೀಕ್ಷೆ ನಡೆಯಿತು. ನಡುಮನೆಯಲ್ಲಿ ಜಮಖಾನ ಹಾಸಿದೆವು. ಸೊಂಟದ ನೋವು ಹೋಗಲೆಂದು ಮೂರು ವಾರ ಕಾದಿದ್ದೆನು. ಆ ಮೂರು ವಾರವೂ ಮನಸ್ಸಿನಲ್ಲಿ ನಲವತ್ತಾದರೂ ಆಗುವುದೆಂಬ ಭರವಸೆ. ಗರಡಿಯ ದಂಡ ಬೇಡವೆಂದು ಡ್ರಿಲ್ಲಿನ ನೆಟ್ಟನೆಯ ಬಗೆಯನ್ನೇ ಆರಿಸಿಕೊಂಡೆವು: ತಲೆಯಿಂದ ಹಿಮ್ಮಡಿಯವರೆಗೆ ಮೈ ಹಲಗೆಯಂತಿರಬೇಕು. ಎದೆಯ ಕೆಳಗೆ ಮಗಳು ಒಂದು ಸಣ್ಣ ಕಾಫಿಯ ಲೋಟವನ್ನು ಬೋರಲು ಹಾಕಿದಳು. ಅದಕ್ಕೆ ಎದೆ ತಾಗಿದರೆ ಮಾತ್ರ ಎಣಿಕೆ. ಮೊದಲನೆಯದು ಬಂದಿತು. ಎರಡನೆಯದೂ ಬಂದಿತು. ಮೂರನೆಯದರಲ್ಲಿ ಸೊಂಟ ಹಳೆಯ ಮಂಚದ ನವಾರಿನಂತೆ ಜೋಲಿತು. ನಾಲ್ಕನೆಯದಕ್ಕೆ ಉಸಿರು ಕಟ್ಟಿ, ಮುಖ ಕೆಂಪಾಗಿ, ಹೇಗೋ ಎದ್ದೆನು. ಐದಕ್ಕೆ ಇಳಿದೆನು.

ಇಳಿದದ್ದು ಐದು, ಎದ್ದದ್ದು ನಾಲ್ಕು. ಕೆನ್ನೆಯನ್ನು ಜಮಖಾನಕ್ಕೆ ಒತ್ತಿ ಮಲಗಿದವನಿಗೆ ಸೋಫಾದ ಅಡಿಯಲ್ಲಿ ಎಂದೋ ಕಳೆದುಹೋದ ಪೆನ್ನಿನ ಮುಚ್ಚಳ ಕಾಣಿಸಿತು. ‘ಏನೂಂದ್ರೆ, ರಾತ್ರಿ ಅಲ್ಲೇ ಮಲಗ್ತೀರೋ, ದಿಂಬು ತರಲೋ?’ ಎಂದಳು ಮನೆಯಾಕೆ. ಮಗಳು ನಗಲಿಲ್ಲ, ನನ್ನ ಹಳೆಯ ಲೆಕ್ಕದ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ದಿನಾಂಕ ಹಾಕಿ ‘ಅಪ್ಪ: 4’ ಎಂದು ಬರೆದಳು.

ಕೆನಡಾ ದೇಶದವರು ಈ ಸಾಮಿಗೆ ವಯಸ್ಸಿಗೆ ತಕ್ಕ ಅಂಕಪಟ್ಟಿಯೊಂದನ್ನು ಮಾಡಿದ್ದಾರೆ. ಐವತ್ತರಿಂದ ಐವತ್ತೊಂಬತ್ತರೊಳಗಿನ ಗಂಡಸು 10ರಿಂದ 12 ಮಾಡಿದರೆ ‘ಒಳ್ಳೆಯದು’, 13ರಿಂದ 20ಕ್ಕೆ ‘ಬಹಳ ಒಳ್ಳೆಯದು’, 21 ದಾಟಿದರೆ ‘ಉತ್ತಮ’. ಆರಕ್ಕೆ ಇಳಿದವನ ಷರಾ, ‘ಸುಧಾರಿಸಬೇಕು’. ನಾಲ್ಕನೆಯ ತರಗತಿಯ ಗಣಿತದ ಪರೀಕ್ಷೆಯ ನಂತರ ನನಗೆ ಆ ಷರಾ ಬಿದ್ದುದು ಇದೇ ಮೊದಲು.

ಸೋತವನು ಅಳತೆಗೋಲನ್ನೇ ಸಂದೇಹಿಸುವುದು ಲೋಕರೂಢಿ. ಅಂಗೈ ಊರಿ ಏಳುವುದರಿಂದ ಮನುಷ್ಯನ ಆರೋಗ್ಯ ತಿಳಿಯುವುದೆಂಬುದಕ್ಕೆ ಆಧಾರವೇನೆಂದು ಹುಡುಕಲು ಹೊರಟೆನು. 2019ರಲ್ಲಿ ಪ್ರಕಟವಾದ, ಹಾರ್ವರ್ಡ್ ವಿದ್ವಾಂಸರು ಸೇರಿ ನಡೆಸಿದ ಒಂದು ಅಧ್ಯಯನ ಸಿಕ್ಕಿತು. ಅಮೆರಿಕದ ಇಂಡಿಯಾನಾ ಸಂಸ್ಥಾನದ 1104 ಮಂದಿ ಅಗ್ನಿಶಾಮಕ ದಳದ ಗಂಡಸರು. ಸರಾಸರಿ ವಯಸ್ಸು ನಲವತ್ತರ ಸಮೀಪ. ನಿಮಿಷಕ್ಕೆ 80 ಸಲ ಟಿಕ್ಕೆನ್ನುವ ತಾಳಯಂತ್ರಕ್ಕೆ ಸರಿಯಾಗಿ ಅವರಿಂದ ಪುಷ್ ಅಪ್ ಮಾಡಿಸಿ, ಮುಂದೆ ಹತ್ತು ವರ್ಷ ಅವರ ಹೃದಯದ ಯೋಗಕ್ಷೇಮವನ್ನು ಗಮನಿಸಿದರು. 37 ಮಂದಿಗೆ ಹೃದಯ, ರಕ್ತನಾಳಗಳ ತೊಂದರೆ ತಲೆದೋರಿತು. ಅವರಲ್ಲಿ ಒಬ್ಬನನ್ನುಳಿದು ಮಿಕ್ಕವರೆಲ್ಲರೂ ನಲವತ್ತು ಅಥವಾ ಅದಕ್ಕೆ ಕಡಿಮೆ ಮಾಡಿದವರು. ನಲವತ್ತನ್ನು ದಾಟಿದವರಿಗೆ, ಹತ್ತನ್ನೂ ಮುಟ್ಟದವರಿಗಿಂತ ಅಪಾಯವು ನೂರಕ್ಕೆ 96ರಷ್ಟು ಕಡಿಮೆ ಎಂದು ಲೆಕ್ಕ ಬಂದಿತು.

ಈ ಅಂಕಿಯನ್ನು ಓದಿದ ಕ್ಷಣ ನನ್ನ ಎದೆ ಡವಗುಟ್ಟಿತೆಂಬುದನ್ನು ಮುಚ್ಚಿಡಲಾರೆನು. ಆಮೇಲೆ ವೃತ್ತಿಯ ಚಾಳಿ ಎಚ್ಚೆತ್ತಿತು. ಪರೀಕ್ಷೆಗೆ ಒಳಗಾದವರೆಲ್ಲರೂ ಗಂಡಸರು. ಏಣಿ ಹತ್ತುವ, ನೀರಿನ ಕೊಳವೆ ಎಳೆಯುವ ಕೆಲಸದವರು. ನನ್ನಂತೆ ಕುರ್ಚಿಯಲ್ಲಿ ಸವೆದವರಲ್ಲ. ಹೆಚ್ಚು ಮಾಡಿದವರು ವಯಸ್ಸಿನಲ್ಲಿ ಚಿಕ್ಕವರು, ತೂಕದಲ್ಲಿ ಹಗುರಾದವರು. ವಿದ್ವಾಂಸರು ಇವುಗಳನ್ನು ಲೆಕ್ಕಕ್ಕೆ ಹಿಡಿದು ತೂಗಿದ್ದಾರೆ, ನಿಜ. ಆದರೂ 37 ಎಂಬುದು ಸಣ್ಣ ಮೊತ್ತ. ಪುಷ್ ಅಪ್ ಹೃದಯವನ್ನು ಕಾಪಾಡಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಾಪಾಡಲ್ಪಟ್ಟ ಮೈಗೆ ಪುಷ್ ಅಪ್ ಸುಲಭವಾಗಿ ಬಂದಿತೆಂದೂ ಹೇಳಬಹುದು. ಗೋಡೆಯ ಮೇಲಿನ ಗಡಿಯಾರ ಸೂರ್ಯನನ್ನು ನಡೆಸುವುದಿಲ್ಲ. ಆದರೂ ಹೊತ್ತೆಷ್ಟಾಯಿತೆಂದು ತಿಳಿಯಲು ಗಡಿಯಾರವನ್ನು ನೋಡುತ್ತೇವಷ್ಟೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಲೆಕ್ಕ. ನೆಟ್ಟನೆಯ ಪುಷ್ ಅಪ್‌ನಲ್ಲಿ ಕೈಗಳ ಮೇಲೆ ಬೀಳುವ ಭಾರ ನಮ್ಮ ತೂಕದ ಸುಮಾರು ಮೂರರಲ್ಲೆರಡು ಪಾಲು. ಮೊಣಕಾಲೂರಿ ಮಾಡಿದರೆ ಸುಮಾರು ಅರ್ಧ. ನನ್ನ ತೂಕ 72 ಕಿಲೋ. ಮೂರರಲ್ಲೆರಡು ಪಾಲೆಂದರೆ 48. ಕಾಗದದ ಮೇಲೆ ಆ ಅಂಕಿಯನ್ನು ಬರೆದವನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆನು. ಒಂದೊಂದು ದಂಡಕ್ಕೂ ನಾನು ಎತ್ತುವುದು ಒಬ್ಬ ಅಮ್ಮನನ್ನು. ಆಯುಧಪೂಜೆಯ ದಿನ ನೂರು ಸಲ ಎತ್ತಿದ್ದೆನು. ಬೇಕಾದ ದಿನ ಒಂದು ಸಲ ಎತ್ತಲಾಗಲಿಲ್ಲ. ನೂಕುವ ಸ್ನಾಯುಗಳೇ ಬೇರೆ, ಎತ್ತುವುದಕ್ಕೆ ಬೇಕಾದ ಕಾಲು ಬೆನ್ನುಗಳ ಬಲವೇ ಬೇರೆ ಎಂದು ಡಾಕ್ಟರಮ್ಮ ಆಮೇಲೆ ನನ್ನನ್ನು ತಿದ್ದಿದಳು. ಅವಳ ತಿದ್ದುಪಡಿ ಸರಿ. ಆದರೆ ನನ್ನ ಪುಸ್ತಕದಲ್ಲಿ ಆ 48 ಇನ್ನೂ ಹಾಗೆಯೇ ಇದೆ.

ಅವಳು ಹೇಳಿದ ಇನ್ನೊಂದು ಮಾತು: ಮೂವತ್ತು ದಾಟಿದ ಮೇಲೆ, ದುಡಿಸದ ಮೈಯಲ್ಲಿ ಸ್ನಾಯುವು ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲಿನಂತೆ ಕರಗುತ್ತ ಹೋಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ, ಏಕೆಂದರೆ ಹೋದ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದು ಬಾಡಿಗೆಗೆ ಕೂರುತ್ತದೆ. ನಡಿಗೆಯೂ ಹೇಳುವುದಿಲ್ಲ. ನಡಿಗೆ ಉಸಿರಿಗೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ಹರಟೆಗೆ ಬಲು ಒಳ್ಳೆಯದು. ತೋಳಿಗೂ ಎದೆಗೂ ಅದರಿಂದ ಸುದ್ದಿ ಮುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಾರಕ್ಕೆ 150 ನಿಮಿಷದ ನಡಿಗೆಯ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆಯನ್ನು ಸೇರಿಸಿರುವುದು ಇದಕ್ಕಾಗಿಯೇ. ಮೊದಲನೆಯ ಅರ್ಧವನ್ನು ಓದಿ ಎರಡನೆಯದನ್ನು ಬಿಟ್ಟುಬಿಡುವ ನನ್ನಂಥವರು ಕುಕ್ಕರಹಳ್ಳಿ ಕೆರೆಯ ಮೇಲೆ ದಿನವೂ ನೂರಾರು ಮಂದಿ ಸಿಗುತ್ತಾರೆ.

ಹಾಗೆಂದು ಅಳತೆಗೋಲು ದಂಡವೊಂದೇ ಅಲ್ಲ. ಹದಿನೇಳು ದೇಶಗಳಲ್ಲಿ, ನಮ್ಮ ದೇಶವೂ ಸೇರಿ, ಒಂದು ಲಕ್ಷ ನಲವತ್ತು ಸಾವಿರದಷ್ಟು ಜನರ ಮುಷ್ಟಿಯ ಹಿಡಿತವನ್ನು ಅಳೆದು ನೋಡಿದವರು, ಹಿಡಿತ ಐದು ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ನೂರಕ್ಕೆ 16ರಂತೆ ಏರಿದುದನ್ನು 2015ರಲ್ಲಿ ಪ್ರಕಟಿಸಿದರು. ಬ್ರೆಜಿಲ್ ದೇಶದ ರಿಯೋ ನಗರದ ವೈದ್ಯರದು ಇನ್ನೂ ಸುಲಭ: ನೆಲದ ಮೇಲೆ ಕುಳಿತು ಏಳುವುದು. ಕೂರುವುದಕ್ಕೆ ಐದು, ಏಳುವುದಕ್ಕೆ ಐದು ಅಂಕ. ಕೈಯನ್ನೋ ಮೊಣಕಾಲನ್ನೋ ಊರಿದರೆ ಊರಿದ ಸಲಕ್ಕೊಂದು ಅಂಕ ಖೋತಾ, ತೂರಾಡಿದರೆ ಅರ್ಧ. ಐವತ್ತೊಂದರಿಂದ ಎಂಬತ್ತರ ವಯಸ್ಸಿನ 2002 ಮಂದಿಯನ್ನು ಹೀಗೆ ಪರೀಕ್ಷಿಸಿ, ಕಡಿಮೆ ಅಂಕದವರು ಬೇಗ ತೀರಿಕೊಂಡುದನ್ನು ಅವರು 2012ರಲ್ಲಿ ತಿಳಿಸಿದರು. ಇದನ್ನು ಓದಿ ನನಗೆ ನಗು ಬಂದಿತು. ನಮ್ಮ ಅಜ್ಜಿಯರು ಮಣೆ ಹಾಕಿ ಉಣ್ಣುವಾಗ, ರಂಗೋಲಿ ಇಡುವಾಗ, ಒರಳ ಮುಂದೆ, ಬಾವಿಯ ಕಟ್ಟೆಯ ಬಳಿ, ದಿನಕ್ಕೆ ಎಷ್ಟು ಸಲ ಈ ಪರೀಕ್ಷೆಗೆ ಕುಳಿತು ಪೂರ್ಣಾಂಕ ಪಡೆಯುತ್ತಿದ್ದರೋ! ನಮ್ಮ ಮನೆಯಲ್ಲಿಯೇ ಊಟ ಮೇಜಿಗೆ ಏರಿತು, ರುಬ್ಬುವುದು ಯಂತ್ರಕ್ಕೆ ಹೋಯಿತು, ಹಾಸಿಗೆ ಮಂಚಕ್ಕೆ ಹತ್ತಿತು. ನಾವು ನೆಲವನ್ನು ಮುಟ್ಟುವುದು ಈಗ ಬಿದ್ದಾಗ ಮಾತ್ರ. ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಒರಳಿನ ಮುಂದೆ ಅಮ್ಮ ಸವೆಸಿದ ಬೆನ್ನನ್ನು ಕಂಡವನು ಹಾಗೆ ಹೇಳಲಾರನು.

ಅಭ್ಯಾಸ ಹೇಗೆ ನಡೆಯಿತೆಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಡಾಕ್ಟರಮ್ಮನ ಅಪ್ಪಣೆಯಂತೆ ಮೊದಲು ಗೋಡೆ: ಎರಡು ಹೆಜ್ಜೆ ಹಿಂದೆ ನಿಂತು, ಗೋಡೆಗೆ ಕೈಯೂರಿ ನೂಕುವುದು. ಗರಡಿಯವನಿಗೆ ಇದು ಅವಮಾನವೆನಿಸಿತು. ಬಾಗಿಲು ಹಾಕಿಕೊಂಡು ಮಾಡಿದೆನು. ಮೂರು ವಾರದ ಮೇಲೆ ಅಡುಗೆಮನೆಯ ಕಟ್ಟೆ, ಅಲ್ಲಿಂದ ಮಂಚದ ಅಂಚು, ಆಮೇಲೆ ನೆಲ. ಉಸಿರು ಕಟ್ಟಬಾರದು, ನೂಕುವಾಗ ಬಿಡಬೇಕು. ವಾರಕ್ಕೆ ಮೂರೇ ದಿನ. ನಾನು ಆಸೆಬುರುಕನಾಗಿ ದಿನವೂ ಮಾಡಿ ಎಡ ಭುಜವನ್ನು ಕೆಡಿಸಿಕೊಂಡು ಎರಡು ವಾರ ಸುಮ್ಮನೆ ಕುಳಿತೆನು. ಅದೊಂದು ದಂಡ ತೆತ್ತದ್ದಾಯಿತು. ರಕ್ತದ ಒತ್ತಡ, ಹೃದಯದ ಕಾಯಿಲೆ ಇರುವ ವಾಚಕರು ನನ್ನ ಮಾತು ಕೇಳಿ ಜಮಖಾನ ಹಾಸಬಾರದು. ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಈ ನಡುವೆ ಕೆ. ವಿ. ಅಯ್ಯರ್ ಅವರ ನೆನಪು ಆಗಾಗ ಬರುತ್ತಿತ್ತು. ‘ಶಾಂತಲಾ’, ‘ರೂಪದರ್ಶಿ’ಗಳನ್ನು ಓದಿದವರಲ್ಲಿ ಎಷ್ಟೋ ಮಂದಿಗೆ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಂಗಸಾಧನೆಯನ್ನೇ ಬಾಳಿನ ಕಸುಬಾಗಿ ಮಾಡಿಕೊಂಡವರೆಂಬುದು ಮರೆತೇಹೋಗಿದೆ. ಯಂತ್ರಗಳ ಭಾರ ಎತ್ತಿಸುವುದರ ಜೊತೆಗೆ ಅವರು ಸೂರ್ಯನಮಸ್ಕಾರವನ್ನೂ ಬಿಡಲಿಲ್ಲ. ಆ ಕಾಲದಲ್ಲಿಯೇ ಔಂಧದ ಅರಸರು ನಮಸ್ಕಾರವನ್ನು ಊರೂರಿಗೆ ಸಾರುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ನಮಸ್ಕಾರದ ನಡುವೆ ನೆಲಕ್ಕೆ ಇಳಿದು ಏಳುವ ಆ ಭಾಗವನ್ನು ಗಮನಿಸಿ ನೋಡಿದರೆ, ಗರಡಿಯ ದಂಡವೇ ಮಡಿಯುಟ್ಟು ಬಂದು ನಿಂತಂತೆ ಕಾಣುತ್ತದೆ.

ನಿಜವಾದ ಆಶ್ಚರ್ಯ ಮನೆಯಾಕೆಯದು. ನಾನು ಅಡುಗೆಮನೆಯ ಕಟ್ಟೆಗೆ ಕೈಯೂರಿದ ದಿನ, ‘ಇದು ನನ್ನ ಜಾಗ, ನಾನೇ ಮಾಡಬಾರದೇಕೆ?’ ಎಂದು ಅವಳೂ ಶುರುಮಾಡಿದಳು. ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಅವಳ ಸಾಧನೆ. ಬಾಗಿಲು ಹಾಕಿಕೊಳ್ಳಲಿಲ್ಲ, ಭುಜ ಕೆಡಿಸಿಕೊಳ್ಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಏಳು ತಿಂಗಳು ಕಳೆದ ಮೇಲೆ ಮಗಳು ಮತ್ತೆ ಲೋಟ ಬೋರಲು ಹಾಕಿದಾಗ ನನ್ನದು 12 ಆಯಿತು. ನಾನು ಬೀಗುತ್ತ ಎದ್ದು ಕುಳಿತಿರುವಾಗ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು, ಹೆಂಗಸರ ಪಟ್ಟಿಯಲ್ಲಿ ಹೇಳಿರುವಂತೆ ಮೊಣಕಾಲೂರಿ, 14 ಮಾಡಿದಳು. ಕೆನಡಾದವರ ಪಟ್ಟಿಯನ್ನು ತೆಗೆದು ನೋಡಿದರೆ, ಅವಳ ವಯಸ್ಸಿಗೆ ಅದು ‘ಬಹಳ ಒಳ್ಳೆಯದು’. ನನ್ನದು ಬರಿಯ ‘ಒಳ್ಳೆಯದು’. ಒಂದು ದರ್ಜೆ ಮೇಲೆ. ಈ ವಿಚಾರವನ್ನು ಅವಳು ಮದುವೆಯ ಮನೆಗಳಲ್ಲಿ ಹೇಳಿಕೊಂಡು ತಿರುಗುವುದಿಲ್ಲವೆಂಬುದೊಂದೇ ನನಗೆ ಸಮಾಧಾನ.

ಇದನ್ನೆಲ್ಲ ಅಮ್ಮ ತನ್ನ ಕುರ್ಚಿಯಿಂದ ನೋಡುತ್ತಲೇ ಇದ್ದಳು. ಬಿದ್ದ ದಿನದಿಂದ ಅವಳು ನೆಲದ ಮೇಲೆ ಕುಳಿತಿರಲಿಲ್ಲ, ನಾವೂ ಬಿಡುತ್ತಿರಲಿಲ್ಲ. ಬಚ್ಚಲಿನ ಗೋಡೆಗೆ ಹಿಡಿಗಂಬಿ ಹಾಕಿಸಿದ್ದೆವು. ಜಾರದ ಚಾಪೆ ಹಾಕಿದ್ದೆವು. ಎಲ್ಲಿಗೆ ಹೋದರೂ ಒಬ್ಬರು ಹಿಂದೆ. ಈ ವರ್ಷದ ಗೋಕುಲಾಷ್ಟಮಿಯ ದಿನ ಮಧ್ಯಾಹ್ನ ನಾನು ಕಚೇರಿಯಿಂದ ಬೇಗ ಬಂದರೆ, ಅಮ್ಮ ದೇವರಮನೆಯ ಮುಂದೆ ನೆಲದ ಮೇಲೆ ಕುಳಿತು ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬರೆಯುತ್ತಿದ್ದಳು. ಬಾಗಿಲಿನಿಂದ ಪೀಠದವರೆಗೆ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ನಾನು ಗಾಬರಿಯಿಂದ ಧಾವಿಸಿದೆನು.

‘ಅಲ್ಲೇ ನಿಲ್ಲು, ಹಿಟ್ಟು ತುಳಿಯಬೇಡ’ ಎಂದಳು. ‘ಹಾಲಿನವಳು ಹೇಳಿಕೊಟ್ಟಿದ್ದಾಳೆ. ನೀವೆಲ್ಲ ಇಲ್ಲದಾಗ ದಿನವೂ ಬೆಳಗ್ಗೆ ಒಂದು ಸಲ ಎದ್ದು ಕೂತು ಮಾಡಿಸುತ್ತಾಳೆ.’

ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದ ಈ ಗರಡಿಯ ಸುಳಿವು ನನಗೆ ಇರಲಿಲ್ಲ. ಬೆಳಗ್ಗೆ ಆ ಹೊತ್ತಿನಲ್ಲಿ ನಾನು ಕೆರೆಯ ದಂಡೆಯ ಮೇಲಿರುತ್ತೇನೆ.

ಅಮ್ಮ ಹಿಟ್ಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಮಗ್ಗುಲಿಗೆ ಹೊರಳಿ ಮೊಣಕಾಲುಗಳ ಮೇಲೆ ಬಂದಳು. ಎದುರಿಗಿದ್ದ ಮಣೆಯ ಮೇಲೆ ಎರಡು ಅಂಗೈಗಳನ್ನೂ ಊರಿದಳು. ಬೆರಳುಗಳ ಹಿಟ್ಟು ಮಣೆಗೆ ಅಂಟಿತು. ತೋಳುಗಳು ನಡುಗಿದವು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಕಣ್ಣಿನಿಂದಲೇ ಅದನ್ನು ತಡೆದಳು. ನೂಕಿದಳು. ಬಲಗಾಲು ಮುಂದೆ ಬಂದಿತು, ಕೋಲು ಕೈಗೆ ಬಂದಿತು, ಅಮ್ಮ ಎದ್ದು ನಿಂತಳು.

‘ಇದೂ ಒಂದು ದಂಡ ತಾನೆ?’ ಎಂದು ಏದುಸಿರು ಬಿಡುತ್ತ ಮೊಮ್ಮಗಳನ್ನು ಕರೆದಳು. ‘ಬರೆದುಕೋ, ಮಗು.’

ಮಗಳು ಪುಸ್ತಕ ತಂದು, ದಿನಾಂಕ ಹಾಕಿ, ‘ಅಜ್ಜಿ: 1’ ಎಂದು ಬರೆದಳು. ಲೋಟದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.